ಎತ್ತು ನೋಡಿ ಕೊಟ್ಟ ವೀಳ್ಯ

ಅಂಕಮ್ಮ: ಯಾರ ಕೈಗೆ ಕೊಟ್ಟೆ? ಇನ್ನೊಂದ್ಸಲ ಯೋಳು.

ಜವರಯ್ಯ: ಬೀಗ್ರ ಕೈಗೆ ಕಣೆ. ಏಟು ಸಲ ಯೋಳ್ಬೇಕು?

ಅಂಕಮ್ಮ: ಯಾವ ಬೀಗ್ರು?

ಜವರಯ್ಯ: ನಮ್ಗೇನು ಊರ ತುಂಬ ಬೀಗ್ರವ್ರಾ? ಮಳವಳ್ಳಿ ಕೆಂಪಸಿದ್ದಯ್ಯನೋರು. ಮದ್ದೂರ ವೊಳೇಲಿ ಎತ್ತಿಗೆ ನೀರು ಕುಡಿಸ್ತಾ ನಿಂತಿದ್ರು. ಮಳವಳ್ಳಿಗಂಟ ಓಗೋದು ತಪ್ತಲ್ಲ ಅಂತ ಅಲ್ಲೇ ಅಪ್ಕಂಡು, ವೀಳ್ಯ ಕೈಗಿಟ್ಟು ಬಂದೆ.

ಅಂಕಮ್ಮ: ಅಪ್ಕಂಡ್ಯಾ?

ಜವರಯ್ಯ: ಚೆನ್ನಾಗೇ ಅಪ್ಕಂಡೆ.

ಅಂಕಮ್ಮ: ಅಂಗಾರೆ ಬೆಳಗ್ಗಿಂದ ನಮ್ಮ ಜಗಲಿ ಮೇಲೆ ಕೂತಿರೋ ಕೆಂಪಸಿದ್ದಯ್ಯ ಯಾರು?

ಜವರಯ್ಯ ಅಡಿಗೆಮನೆಯಿಂದ ನಡುಮನೆಗೆ ಬಂದು, ಬಾಗಿಲ ಸಂದಿಯಲ್ಲಿ ಜಗಲಿಯನ್ನು ಇಣುಕಿ ನೋಡಿದ. ಜರಿಪೇಟ ಸುತ್ತಿದ ದಪ್ಪ ಮನುಷ್ಯನೊಬ್ಬ ಕಂಬಕ್ಕೆ ಒರಗಿ, ಯಾರ ಮೇಲೋ ಸಿಟ್ಟು ಮಾಡಿಕೊಂಡು ಕೂತಿದ್ದ. ಜವರಯ್ಯ ಮೆಲ್ಲಗೆ ಒಲೆಯ ಬಳಿಗೆ ಹಿಂದಿರುಗಿದ.

ಜವರಯ್ಯ: ಅವ್ನು ಲಾಳ ಕಟ್ಟೋನಲ್ವಾ?

ಅಂಕಮ್ಮ: ಲಾಳ ಕಟ್ಟೋನು ಜರಿಪೇಟ ಸುತ್ಕಂಡು ಬತ್ತಾನಾ?

ಜವರಯ್ಯ: ಈಗ ಒಳಕ್ಕೆ ಬರೋವಾಗ 'ಲಾಳ ತಂದ್ಯೇನ್ಲಾ' ಅಂದೆ. ಬಾಯಿ ಬುಡ್ಲಿಲ್ಲ. ನನ್ನೇ ದುರುಗುಟ್ಕಂಡು ನೋಡ್ದ.

ಅಂಕಮ್ಮ: ಲಾ ಅಂದ್ಯಾ? ಬೀಗ್ರಿಗೆ ಲಾ ಅಂದ್ಯಾ?

ಸೋಮನಹಳ್ಳಿಯ ಜವರಯ್ಯನಿಗೆ ಕಣ್ಣಿನ ದೋಷವೇನೂ ಇರಲಿಲ್ಲ. ಮೂರು ಹೊಲದಾಚೆ ಮೇಯುವ ಹಸುವಿನ ಕಿವಿಯ ಮೇಲೆ ಉಣ್ಣೆಹುಳು ಕೂತಿದ್ದರೆ ಇಲ್ಲಿಂದಲೇ ಹೇಳುತ್ತಿದ್ದ. ಬುದ್ಧಿಯೂ ಸರಿಯಾಗಿತ್ತು. ಮನುಷ್ಯರ ಮುಖ ಮಾತ್ರ ಅವನ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಕಣ್ಣು, ಮೂಗು, ಬಾಯಿ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅವುಗಳನ್ನು ಕೂಡಿಸಿ ಇವರು ಇಂಥವರೆಂದು ಹೇಳಲು ಅವನಿಂದಾಗುತ್ತಿರಲಿಲ್ಲ. ಇದು ಹುಟ್ಟಿನಿಂದ ಬಂದದ್ದು. ಊರಿನಲ್ಲಿ ಕೆಲವರು ಇದನ್ನು ಸೊಕ್ಕು ಎಂದರು, ಕೆಲವರು ಗಾಳಿ ಸೋಕಿದ್ದು ಎಂದರು. ಜವರಯ್ಯ ಇಬ್ಬರ ಜೊತೆಗೂ ವಾದಿಸಲಿಲ್ಲ. ಯಾರು ಯಾವುದನ್ನು ಅಂದರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಜನರನ್ನು ಅವರವರ ಎತ್ತುಗಳಿಂದ ಗುರುತು ಹಿಡಿಯುತ್ತಿದ್ದ. ಎತ್ತಿಲ್ಲದವರನ್ನು ಕೆಮ್ಮಿನಿಂದ, ನಡಿಗೆಯಿಂದ, ನಶ್ಯದ ವಾಸನೆಯಿಂದ. ಹೆಂಡತಿಯನ್ನು ಸೊಂಟದ ಬೀಗದ ಕೈ ಗೊಂಚಲಿನಿಂದ. ಆ ಮನೆಯಲ್ಲಿ ಬೀಗ ಹಾಕುವಂಥ ಪೆಟ್ಟಿಗೆ ಒಂದೂ ಇರಲಿಲ್ಲ. ಗೊಂಚಲು ಇದ್ದದ್ದು ಗಂಡನಿಗಾಗಿ.

ಅಂಕಮ್ಮ: ವೊಳೇಲಿ ಅಪ್ಕಂಡ್ಯಲ್ಲ, ಆ ಮನ್ಸ ಯಾರು?

ಜವರಯ್ಯ: ಮನ್ಸ ಯಾರೋ ನಂಗೆಂಗೆ ಗೊತ್ತು? ಎತ್ತು ಮಾತ್ರ ಕೆಂಪಸಿದ್ದಯ್ಯನೋರ್ದೇ. ಬಲದೆತ್ತಿನ ಒಂದು ಕೊಂಬು ಒಳಕ್ಕೆ ಬಾಗೈತೆ. ಎಡದೆತ್ತಿನ ಕಿವಿ ತುದಿ ಹರಿದೈತೆ. ಎಣ್ಣು ನೋಡಾಕೆ ಬಂದ ದಿನ ಹೂಡ್ಕಂಡು ಬಂದಿದ್ರಲ್ಲ, ಅದೇ ಜೋಡಿ.

ಅಂಕಮ್ಮ: ಅವತ್ತು ಅವ್ರ ಮೊಕ ನೋಡ್ಲಿಲ್ವಾ ನೀನು?

ಜವರಯ್ಯ: ನೋಡ್ದೆ. ಎರಡು ಕಣ್ಣು, ಒಂದು ಮೂಗು, ಕೆಳಗೆ ಮೀಸೆ. ಎಲ್ಲಾರ್ಗೂ ಅದೇ ತಾನೇ ಇರೋದು?

ಅಂಕಮ್ಮ: ಅಪ್ಕಂಡಾಗ ಆವಯ್ಯ ಏನೂ ಅನ್ಲಿಲ್ವಾ?

ಜವರಯ್ಯ: 'ಇದೇನಿದು, ಇದೇನಿದು' ಅಂದ್ರು. ಸಂತೋಸಕ್ಕೆ ಅಂತಾವ್ರೆ ಅಂದ್ಕಂಡೆ.

ಅಂಕಮ್ಮ: ಶಿವಪುರದಲ್ಲಿ ಕಾಂಗ್ರೆಸ್ನೋರು ಬಾವುಟ ಏರ್ಸಿದ ದಿನ್ವೂ ನಿಂದು ಇದೇ ಕತೆ. ಕಂಡೋರ್ಗೆಲ್ಲ ಕೈ ಮುಗ್ದೆ.

ಜವರಯ್ಯ: ಎಲ್ಲಾರೂ ಬಿಳೇ ಟೋಪಿ, ಬಿಳೇ ಅಂಗಿ. ಒಬ್ರ ಕೈಲೂ ಎತ್ತಿಲ್ಲ. ಯಾರ್ಗೆ ಮುಗಿಯೋದು, ಯಾರ್ನ ಬುಡೋದು? ಎಲ್ಲಾರ್ಗೂ ಮುಗ್ದೆ.

ಅಂಕಮ್ಮ: ಪೋಲೀಸ್ನೋರ್ಗೂ ಮುಗ್ದೆ.

ಜವರಯ್ಯ: ಅವ್ರಲ್ಲಿ ನಮ್ಮ ನಂಟ್ರು ಯಾರಾರ ಇದ್ದಿದ್ರೆ?

ಅಂಕಮ್ಮ: ಪಕ್ಕದ್ಮನೆ ಮಾಯಮ್ಮ ಬೀಗದ ಕೈ ಸಿಗಿಸ್ಕಂಡು ಬಾವಿಗೆ ಬಂದಾಗ 'ಒತ್ತಾಯ್ತು, ಮುದ್ದೆ ಇಕ್ಕು ನಡಿ' ಅಂತ ಕೈ ಇಡ್ದು ಎಳ್ದೆ. ಅವಳ ಗಂಡ ಇನ್ನೂ ನನ್ನ ಕಂಡ್ರೆ ಮೊಕ ತಿರುಗಿಸ್ತಾನೆ.

ಜವರಯ್ಯ: ತಿರುಗಿಸ್ಲಿ ಬುಡು. ನಂಗೆ ಎರಡು ಕಡೆಯೂ ಒಂದೇ.

ಅಂಕಮ್ಮ: ತಮಾಸೆ ಸಾಕು. ನಾಳೆ ಅಮಾಸೆ. ಆಮೇಲೆ ಸೂನ್ಯ ಮಾಸ. ಇವತ್ತು ಬೀಗ್ರ ಕೈಗೆ ವೀಳ್ಯ ಬೀಳ್ದೆ ಹೋದ್ರೆ ಒಂಬಾಳಿ ಮದ್ವೆ ನಿಂತೋಯ್ತದೆ. ಬಿದ್ದಿರೋದು ಯಾವನ ಕೈಗೋ!

ಹೆಣ್ಣು ಕೊಡುತ್ತೇವೆಂದು ಒಪ್ಪಿದ ಮೇಲೆ ಗಂಡಿನ ತಂದೆಯ ಕೈಗೆ ಎಲೆ, ಅಡಿಕೆ, ತೆಂಗಿನಕಾಯಿ ಇಡುವುದು ಆ ಸೀಮೆಯ ಪದ್ಧತಿ. ನಾಲ್ಕು ಜನರೆದುರು ಕೊಟ್ಟ ಒಪ್ಪುವೀಳ್ಯವನ್ನು ವಾಪಸು ಕೇಳುವಂತಿಲ್ಲ. ಜವರಯ್ಯ ಕೊಟ್ಟದ್ದು ಹೊಳೆಯ ದಡದಲ್ಲಿ, ಗಾಡಿಯವರ ಗುಂಪಿನೆದುರು. ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮಗಳು ಹೊಂಬಾಳಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಕಲ್ಲನ್ನು ಉಳಿಸಿ ಅಕ್ಕಿಯನ್ನು ಎಸೆಯತೊಡಗಿದ್ದಳು.

ಗಂಡ ಹೆಂಡತಿ ಜಗಲಿಗೆ ಬಂದರು.

ಅಂಕಮ್ಮ: ತಪ್ಪು ತಿಳ್ಕಬ್ಯಾಡಿ ಬೀಗ್ರೇ. ನಮ್ಮೆಜಮಾನ್ರಿಗೆ ಬಿಸ್ಲು ಬಡ್ದದೆ.

ಕೆಂಪಸಿದ್ದಯ್ಯ: ಬಿಸ್ಲು ಬಡ್ದೋರು 'ಲಾಳ ತಂದ್ಯೇನ್ಲಾ' ಅಂತಾರಾ?

ಜವರಯ್ಯ: ನಿಮ್ಮ ಕೈ ನೋಡಿ ಅಂಗಂದೆ. ಒಳ್ಳೆ ಗಟ್ಟಿ ಕೈ.

ಕೆಂಪಸಿದ್ದಯ್ಯ: ಮಳವಳ್ಳಿ ಸೀಮೇಲಿ ನನ್ನ ಮೊಕ ಗೊತ್ತಿಲ್ದೋನು ಒಬ್ಬನೂ ಇಲ್ಲ!

ಜವರಯ್ಯ: ಸೋಮನಹಳ್ಳೀಲಿ ಒಬ್ಬ ಅವ್ನೆ.

ಅಂಕಮ್ಮ ಗಂಡನ ಕಾಲು ತುಳಿದಳು.

ಕೆಂಪಸಿದ್ದಯ್ಯ: ನಂಟಸ್ತನ ಅಂದ್ಮೇಲೆ ಮೊಕಕ್ಕೆ ಮರ್ವಾದೆ ಬ್ಯಾಡ್ವಾ? ವೀಳ್ಯ ಬರ್ಲಿಲ್ಲ, ಅಮಾಸೆ ಬಂತು ಅಂತ ನಾನೇ ಇದ್ದಿಲ ಬಸ್ಸಲ್ಲಿ ಮೈಯೆಲ್ಲ ಮಸಿ ಮಾಡ್ಕಂಡು ಬಂದಿವ್ನಿ. ಕೊಡಿ, ಓಯ್ತೀನಿ.

ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲು ಸುಟ್ಟು ಓಡುತ್ತಿದ್ದವು. ಕೆಂಪಸಿದ್ದಯ್ಯನ ಜರಿಪೇಟದ ಒಂದು ಮಗ್ಗುಲು ನಿಜವಾಗಿಯೂ ಕಪ್ಪಾಗಿತ್ತು. ಅಂಕಮ್ಮ ಅದನ್ನು ನೋಡಿದಳು, ಬೀದಿಯನ್ನು ನೋಡಿದಳು, ಮತ್ತೆ ಪೇಟವನ್ನು ನೋಡಿದಳು.

ಅಂಕಮ್ಮ: ಅಂಥಾ ಜೋಡಿ ಎತ್ತ ಕೊಟ್ಟಿಗೇಲಿ ಕಟ್ಕಂಡು ಬಸ್ಸಲ್ಲಿ ಯಾಕೆ ಬಂದ್ರಿ?

ಕೆಂಪಸಿದ್ದಯ್ಯ: ಎತ್ತಿಗೆ... ಕಾಲು ಬಾವು ಬಂದದೆ.

ಜವರಯ್ಯ: ಯಾವ ಎತ್ತಿಗೆ?

ಕೆಂಪಸಿದ್ದಯ್ಯ: ಎರಡಕ್ಕೂ.

ಜವರಯ್ಯ: ಎಂಟು ಕಾಲಿಗೂ?

ಕೆಂಪಸಿದ್ದಯ್ಯ: ನಾನು ಬಂದಿರೋದು ವೀಳ್ಯಕ್ಕೆ. ಎತ್ತಿನ ಕಾಲು ಎಣಿಸಾಕಲ್ಲ.

ಜವರಯ್ಯ: ಬೆಳಗ್ಗೆ ವೊಳೇಲಿ ಮೊಣಕಾಲುದ್ದ ನೀರಲ್ಲಿ ನೆಟ್ಟಗೆ ನಿಂತಿದ್ವು.

ಕೆಂಪಸಿದ್ದಯ್ಯ: ನೀವು ನೋಡಿದ್ದು ಬ್ಯಾರೆ ಯಾವ್ದೋ ಎತ್ತು.

ಜವರಯ್ಯನಿಗೆ ಕೋಪ ಬಂತು. ಅವನಿಗೆ ಕೋಪ ಬರುವುದು ಅಪರೂಪ. ನೀನು ಅಣ್ಣನನ್ನು ತಮ್ಮನೆಂದುಕೊಂಡೆ ಎಂದರೆ ಒಪ್ಪಿಕೊಳ್ಳುತ್ತಿದ್ದ; ಸ್ವಂತ ಸೋದರಮಾವನಿಗೆ ದಾರಿ ಕೇಳಿದೆ ಎಂದರೂ ಒಪ್ಪಿಕೊಳ್ಳುತ್ತಿದ್ದ.

ಜವರಯ್ಯ: ನಂಗೆ ಎಂಡ್ರು ಗುರ್ತು ಸಿಗಾಕಿಲ್ಲ ಅನ್ನಿ, ಕೇಳ್ತೀನಿ. ಎತ್ತು ಗುರ್ತು ಸಿಗಾಕಿಲ್ಲ ಅನ್ಬ್ಯಾಡಿ.

ಅಂಕಮ್ಮ ಗಂಡನನ್ನು ಬಾಗಿಲೊಳಕ್ಕೆ ಎಳೆದುಕೊಂಡಳು.

ಅಂಕಮ್ಮ: ಬಾಯ್ಮುಚ್ಕಂಡು ಕೂತ್ಕೊ. ಇನ್ನೊಂದು ವೀಳ್ಯ ಕಟ್ತೀನಿ. ಈವಯ್ಯನ ಕೈಗೂ ಕೊಟ್ಟು ಕಳಿಸಾನ.

ಜವರಯ್ಯ: ಆಮೇಲೆ ವೊಳೇಲಿ ಸಿಕ್ಕಿದೋನು ಬಂದ್ರೆ? ಎರಡು ವೀಳ್ಯ, ಒಂದು ಎಣ್ಣು.

ಅಂಕಮ್ಮ: ಅವ್ನು ಯಾವೂರೋನೋ! ಎಂಗೆ ಬತ್ತಾನೆ?

ಅವಳು ಎಲೆ ಜೋಡಿಸಿ, ಅಡಿಕೆ ಹುಡುಕುವಷ್ಟರಲ್ಲಿ ಬೀದಿಯ ತಿರುವಿನಿಂದ ಗೆಜ್ಜೆಯ ಸದ್ದು ಕೇಳಿಸಿತು. ಜವರಯ್ಯ ಕಿವಿ ನಿಮಿರಿಸಿದ. ಆಮೇಲೆ ಹೊರಗೋಡಿ ಜಗಲಿಯಿಂದ ಒಂದೇ ನೆಗೆತಕ್ಕೆ ಬೀದಿಗೆ ಇಳಿದ.

ಜವರಯ್ಯ: ಲೇ ಅಂಕಿ, ಬಾರೆ! ಬೀಗ್ರು ಬಂದ್ರು!

ಕೆಂಪಸಿದ್ದಯ್ಯ: ನಾನಿಲ್ಲೇ ಇವ್ನಲ್ಲ!

ಜವರಯ್ಯ: ನೀವು ಸುಮ್ಕಿರಿ. ಬೀಗ್ರು ಬಂದ್ರು!

ಗಾಡಿ ಬಂದು ನಿಂತಿತು. ನೊಗದಲ್ಲಿ ಒಂದು ಕೊಂಬು ಒಳಕ್ಕೆ ಬಾಗಿದ ಎತ್ತೂ ಕಿವಿಯ ತುದಿ ಹರಿದ ಎತ್ತೂ ಇದ್ದವು. ಇಳಿದವನು ಬಡಕಲು ಮೈಯ, ನರೆಗೂದಲಿನ ಮನುಷ್ಯ. ಕೈಯಲ್ಲಿ ಎಲೆ ಅಡಿಕೆ ಕಾಯಿಯ ಗಂಟು. ಗಾಡಿ ಹೊಡೆದು ತಂದ ಹುಡುಗ ಎತ್ತಿನ ಮರೆಯಲ್ಲೇ ಉಳಿದ.

ರಾಮಲಿಂಗಯ್ಯ: ಸೋಮನಹಳ್ಳಿ ಜವರಯ್ಯನೋರು ಅಂದ್ರೆ ನೀವೇಯಾ?

ಜವರಯ್ಯ: ಬನ್ನಿ ಬೀಗ್ರೇ, ಬನ್ನಿ. ಕಾಲು ಬಾವು ಇಳೀತಾ?

ರಾಮಲಿಂಗಯ್ಯ: ಯಾರ ಕಾಲು?

ಜವರಯ್ಯ: ಎತ್ತಿಂದು.

ರಾಮಲಿಂಗಯ್ಯ: ನನ್ನೆತ್ತಿಗೆ ಬಾವು ಅಂತ ಯಾವನು ಅಂದ?

ಜವರಯ್ಯ: ನೀವೇ ಅಂದ್ರಲ್ಲ, ಈಗ ಜಗಲಿ ಮೇಲೆ ಕೂತ್ಕಂಡು.

ರಾಮಲಿಂಗಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಮತ್ತೆ ಅಪ್ಪಿಕೊಂಡಾರೆಂಬ ಭಯ ಅವನಿಗಿತ್ತು.

ರಾಮಲಿಂಗಯ್ಯ: ನೋಡಮ್ಮ, ನಾನು ಶಿವಪುರದ ರಾಮಲಿಂಗಯ್ಯ. ಬೆಳಗ್ಗೆ ವೊಳೇಲಿ ಎತ್ತಿಗೆ ನೀರು ಕುಡಿಸ್ತಿದ್ದೆ. ಇವ್ರು ಬಂದ್ರು, ಅಪ್ಕಂಡ್ರು. 'ನಮ್ಮೆಣ್ಣ ನಿಮ್ಮನೆ ತುಂಬಿಸ್ತೀವಿ' ಅಂತ ವೀಳ್ಯ ಕೈಗಿಟ್ರು, ಒಂಟೋದ್ರು. ಸುತ್ತ ಗಾಡಿಯೋರೆಲ್ಲ ನೋಡ್ತಾವ್ರೆ. ಬ್ಯಾಡ ಅಂದ್ರೆ ಎಣ್ಣೆತ್ತೋರ ಮರ್ವಾದೆ ಏನಾಗ್ಬೇಕು? ತಕಂಡೆ. ನನ್ನ ಮಗ ಮದ್ವೆ ವಯಸ್ನೋನೇ, ಸುಳ್ಳಲ್ಲ. ಆದ್ರೆ ಎಣ್ಣು ಯಾರ್ದು, ಮನೆ ಯಾವ್ದು ಅಂತಾದ್ರೂ ತಿಳ್ಕಬ್ಯಾಡ್ವಾ? ವಿಚಾರಿಸ್ಕಂಡು ಬಂದೆ.

ಕೆಂಪಸಿದ್ದಯ್ಯ: ಆ ವೀಳ್ಯ ನಂದು. ಇತ್ಲಾಗೆ ಕೊಡಿ.

ರಾಮಲಿಂಗಯ್ಯ: ಓ, ಕೆಂಪಸಿದ್ದಯ್ಯನೋರು! ನೀವಿಲ್ಲೇ ಇದ್ದೀರಾ? ಮಗನ ಕಣ್ಣು ಬೇನೆ ವಾಸಿಯಾಯ್ತಾ?

ಕೆಂಪಸಿದ್ದಯ್ಯ ತಲೆಯೆತ್ತಿ ಸೂರಿನ ಹೆಂಚುಗಳನ್ನು ಪರೀಕ್ಷಿಸತೊಡಗಿದ.

ಅಂಕಮ್ಮ: ಯಾವ ಮಗನ ಕಣ್ಣು?

ರಾಮಲಿಂಗಯ್ಯ: ಇವ್ರಿಗಿರೋದೊಬ್ನೇ. ಮೊನ್ನೆ ಶುಕ್ರವಾರ ಎಲ್ಲೋ ಎಣ್ಣು ನೋಡಾಕೆ ಒಂಟಿದ್ರಂತೆ. ಮಗನ್ಗೆ ಎರಡು ಕಣ್ಣೂ ಊದ್ಕಂಡು ಮಳವಳ್ಳೀಲೇ ಮಲ್ಗವ್ನೆ ಅಂದ್ರು. ಇವ್ರೊಬ್ರೇ ಮದ್ದೂರಲ್ಲಿ ಬಸ್ ಇಳಿದು 'ಬೀಗ್ರ ಮನೆ ಮುಂದೆ ನಡ್ಕಂಡು ಓಗಾಕಾಯ್ತದಾ, ಒಂದು ಗಳಿಗೆ ಗಾಡಿ ಕೊಡಿ' ಅಂದ್ರು. ಓದ ತಿಂಗ್ಳು ತಂದ ಹೊಸಾ ಜೋಡಿ. ಆದ್ರೂ ಇಲ್ಲ ಅನ್ನಾಕಾಯ್ತದಾ? ಹೊಡ್ಯಾಕೆ ನನ್ನ ಮಗನ್ನೂ ಜೊತೇಗೆ ಕಳಿಸ್ದೆ.

ಜವರಯ್ಯ: ನೋಡ್ದಾ! ಎತ್ತು ಅದೇ ಅಂತ ನಾನು ಅನ್ಲಿಲ್ವಾ?

ಅಂಕಮ್ಮ: ನಿನ್ನೆತ್ತು ಅತ್ಲಾಗಿರ್ಲಿ. ಮಗ ಮಳವಳ್ಳೀಲಿ ಮಲ್ಗಿದ್ರೆ, ಶುಕ್ರವಾರ ನಮ್ಮನೆ ಚಾಪೆ ಮೇಲೆ ಮದ್ವೆಗಂಡು ಅಂತ ಕೂತು ಕಜ್ಜಾಯ ತಿಂದೋನು ಯಾರು?

ಕೆಂಪಸಿದ್ದಯ್ಯ: ನನ್ನ ಮಗ್ನೇ. ದಾರೀಲಿ ವಾಸಿಯಾಯ್ತು.

ಅಂಕಮ್ಮ: ಮಳವಳ್ಳೀಲಿ ಮಲ್ಗಿದ್ದೋನ್ಗೆ ದಾರೀಲಿ ಎಂಗೆ ವಾಸಿಯಾಯ್ತು?

ಕೆಂಪಸಿದ್ದಯ್ಯ: ಆಮೇಲೆ ಬಂದ. ಇನ್ನೊಂದು ಬಸ್ಸಲ್ಲಿ.

ಜವರಯ್ಯ ಇಷ್ಟರಲ್ಲಿ ಬಲದೆತ್ತಿನ ಕೊರಳು ಕೆರೆಯುತ್ತ ಯೋಚನೆಯಲ್ಲಿದ್ದ.

ಜವರಯ್ಯ: ಅಂಕಿ, ಇಲ್ಕೇಳು. ಅವತ್ತು ಗಾಡಿ ಇಳ್ದಾಗ ಇವ್ರು ಎತ್ತಿನ ಮುಂದೆ ಬಂದ್ರು. ಎತ್ತು ಕೊಂಬು ಒದರ್ತು. ಮದ್ವೆಗಂಡು ಬಂದ, ಎತ್ತು ಕತ್ತು ಚಾಚಿ ಅವನ ಅಂಗೈ ನೆಕ್ತು. ಇದೇನು, ಎತ್ತು ಯಜಮಾನನ್ನ ಕಂಡ್ರೆ ಎದರ್ತದೆ, ಮಗನ್ನ ಕಂಡ್ರೆ ನೆಕ್ತದೆ, ಬೀಗ್ರು ಮೇವು ಇಕ್ಕೋ ಪೈಕಿ ಅಲ್ಲ ಅಂದ್ಕಂಡು ಸುಮ್ನಾದೆ.

ಅಂಕಮ್ಮ: ಇದ್ನ ಅವತ್ತೇ ಯಾಕೆ ಅನ್ಲಿಲ್ಲ?

ಜವರಯ್ಯ: ಎತ್ತಿನ ಮಾತು ಎತ್ತುದ್ರೆ ಬೈತೀಯ. ಈಗ ಆ ಮರೇಲಿ ನಿಂತವ್ನಲ್ಲ, ಅವನ ಕೈನೂ ನೆಕ್ತಾ ಐತೆ. ಓಗಿ ಮೊಕ ನೋಡ್ಕಂಡು ಬಾ. ಮೊಕ ನೋಡೋ ಕೆಲ್ಸ ನಿಂದು.

ಅಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು. ಎತ್ತಿನ ಹಿಂದೆ ಬಗ್ಗಿ ನಿಂತಿದ್ದ ಹುಡುಗನ ಗಲ್ಲ ಹಿಡಿದು ಮೇಲಕ್ಕೆ ಎತ್ತಿದಳು.

ಅಂಕಮ್ಮ: ಇವ್ನೇ! ಎರಡನೇ ಸಲ ಕಜ್ಜಾಯ ಕೇಳ್ದೋನು ಇವ್ನೇ!

ರಾಮಲಿಂಗಯ್ಯ: ನಾಗಾ, ಏನ್ಲಾ ಇದು? ಗಾಡಿ ಹೊಡಿ ಅಂತ ಕಳಿಸಿದ್ರೆ ಮದ್ವೆಗಂಡಾಗಿ ಕೂತಿದ್ಯಾ?

ನಾಗಯ್ಯ: ಶಾಲು ಹೊದ್ಕಂಡು ಸುಮ್ನೆ ಕೂತಿರು, ಕಜ್ಜಾಯ ಕೊಡ್ತಾರೆ ಅಂದ್ರಪ್ಪ ಇವ್ರು. ಕೂತ್ಮೇಲೆ ಗೊತ್ತಾಯ್ತು.

ರಾಮಲಿಂಗಯ್ಯ: ಗೊತ್ತಾದ್ಮೇಲೆ ಎದ್ದು ಬರೋದಲ್ವೇನ್ಲಾ? ಎರಡನೇ ಸಲ ಬ್ಯಾರೆ ಕೇಳಿದ್ಯಂತೆ, ಬಾಯಿಚಪಲದೋನೆ!

ನಾಗಯ್ಯ: ಎರಡನೇ ಸಲ ಕೇಳಿದ್ದು ಕಜ್ಜಾಯಕ್ಕಲ್ಲ. ತಂದು ಇಕ್ಕೋರು ಇನ್ನೊಂದ್ಸಲ ಬರ್ಲಿ ಅಂತ.

ನಡುಮನೆಯಲ್ಲಿ ಮೊರ ಕೆಳಗೆ ಬಿದ್ದ ಸದ್ದಾಯಿತು. ಅಂಕಮ್ಮ ಜಗಲಿಯ ಕಡೆ ತಿರುಗಿದಳು.

ಅಂಕಮ್ಮ: ಎತ್ತು ಎರವಲು, ಗಾಡಿ ಎರವಲು, ಮಗ ಎರವಲು. ಆ ಪೇಟನಾದ್ರೂ ನಿಮ್ದೇಯಾ?

ಕೆಂಪಸಿದ್ದಯ್ಯ: ಅಮಾಸೆ ಅತ್ರ ಬಂದಿತ್ತು. ಕಣ್ಣು ಊದ್ಕಂಡೋನ್ನ ತಂದು ಕೂರಿಸಿದ್ರೆ ನೀವು ಒಪ್ತಿದ್ರಾ? ಒಂದು ಗಳಿಗೆ ಮಾತು.

ಅಂಕಮ್ಮ: ಧಾರೆ ದಿನ ಏನ್ಮಾಡ್ತಿದ್ರಿ?

ಕೆಂಪಸಿದ್ದಯ್ಯ: ಬಾಸಿಂಗ ಕಟ್ಟಿದ್ಮೇಲೆ ಗಂಡಿನ ಮೊಕ ಯಾರು ನೋಡ್ತಾರೆ? ನಿಮ್ಮೆಜಮಾನ್ರಿಗಂತೂ ಮೊಕ ತಿಳಿಯಾಕಿಲ್ಲ ಅಂತ ಮಳವಳ್ಳಿಗಂಟ ಸುದ್ದಿ ಐತೆ.

ಅಂಕಮ್ಮ: ಅಂಗಾರೆ ಅದುಕ್ಕೇ ನಮ್ಮನೇ ಹುಡುಕ್ಕಂಡು ಬಂದ್ರಾ?

ಕೆಂಪಸಿದ್ದಯ್ಯ ಪಕ್ಕದ ಕಂಬವನ್ನು ಉಗುರಿನಿಂದ ಕೆರೆಯತೊಡಗಿದ.

ಅಂಕಮ್ಮ: ಮೊಕ ಗುರ್ತು ಸಿಗಾಕಿಲ್ಲ ಅಂತ ಗೊತ್ತಿದ್ದೂ, 'ನನ್ನ ಮೊಕ ಗುರ್ತು ಸಿಗ್ಲಿಲ್ಲ' ಅಂತ ಬೆಳಗ್ಗಿಂದ ಮೊಕ ಊದಿಸ್ಕಂಡು ಕೂತಿದ್ರಲ್ಲ!

ಕೆಂಪಸಿದ್ದಯ್ಯ: ಅದು ಬ್ಯಾರೆ, ಇದು ಬ್ಯಾರೆ. ಯಾರ ಮಗನ್ನ ಕೂರಿಸಿದ್ರೂ ಬೀಗ ನಾನೇ ತಾನೆ? ನನ್ನ ಮರ್ವಾದೆ ನಂಗೆ.

ರಾಮಲಿಂಗಯ್ಯ: ಈಗ ಈ ವೀಳ್ಯ ಯಾರ್ದು? ನಂಗೆ ಅದಷ್ಟು ಯೋಳಿ. ಕೈ ನೋಯ್ತದೆ.

ಜವರಯ್ಯ: ಎತ್ತು ನಿಮ್ದು. ಎತ್ತು ನೋಡೇ ನಾನು ಕೊಟ್ಟಿದ್ದು.

ಅಂಕಮ್ಮ: ಎತ್ತಿಗೇನು ನಮ್ಮ ಮಗ್ಳನ್ನ ಕೊಡ್ತಾ ಇದೀವಾ? ಒಂಬಾಳಿ, ಬಾಮ್ಮಿ ಈಚೆಗೆ. ಅವತ್ತು ನೀನು ಒಪ್ಪಿದ್ದು ಇವನ್ನೇಯಾ? ಮೊಕ ನೋಡಿ ಯೋಳು.

ಹೊಂಬಾಳಮ್ಮ ಬಾಗಿಲಿಗೆ ಬಂದು ನಿಂತಳು.

ಹೊಂಬಾಳಮ್ಮ: ಮೊಕ ನಂಗೆಂಗೆ ಗೊತ್ತು? ತಲೆ ಎತ್ತುದ್ರೆ ಚರ್ಮ ಸುಲೀತೀನಿ ಅಂದಿದ್ದೆ ನೀನು.

ಅಂಕಮ್ಮ: ಮತ್ತೆ ಏನು ನೋಡಿ ಊಂ ಅಂದೆ?

ಹೊಂಬಾಳಮ್ಮ: ಕಾಲು ನೋಡಿ. ಬಲಗಾಲು ಹೆಬ್ಬೆಟ್ಟಿನ ಉಗುರು ಕಪ್ಪಗಿತ್ತು. ಎತ್ತು ತುಳ್ದಿರೋದು. ದುಡಿಯೋ ಕಾಲು ಅಂದ್ಕಂಡೆ.

ಎಲ್ಲರೂ ನಾಗಯ್ಯನ ಕಾಲು ನೋಡಿದರು. ಅವನು ಬಲಗಾಲನ್ನು ಎಡಗಾಲಿನ ಹಿಂದೆ ಬಚ್ಚಿಡಲು ಹೋಗಿ ಗಾಡಿಯ ಚಕ್ರಕ್ಕೆ ಒರಗಿದ. ಉಗುರು ಕಪ್ಪಗಿತ್ತು. ಜಗಲಿಯ ಮೇಲೆ ಕೆಂಪಸಿದ್ದಯ್ಯನೂ ತನ್ನ ಕಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡ. ಅವನ ಕಾಲನ್ನು ಯಾರೂ ಕೇಳಿರಲಿಲ್ಲ.

ಹೊಂಬಾಳಮ್ಮ: ನಾನು ಒಪ್ಪಿದ್ದು ಆ ಕಾಲಿಗೆ. ಮೇಲೆ ಮೊಕ ಎಂಗಾದ್ರೂ ಇರ್ಲಿ.

ಅಂಕಮ್ಮ: ಅಪ್ಪಂಗೆ ತಕ್ಕ ಮಗ್ಳು!

ರಾಮಲಿಂಗಯ್ಯ ಗಂಟನ್ನು ಕಣ್ಣಿಗೊತ್ತಿಕೊಂಡು ಮಗನ ಕೈಗೆ ಕೊಟ್ಟ. ಕೆಂಪಸಿದ್ದಯ್ಯ ಎದ್ದು ಪೇಟ ಸರಿಮಾಡಿಕೊಂಡ. ಮಸಿ ಹಣೆಗೂ ಹತ್ತಿತು.

ಕೆಂಪಸಿದ್ದಯ್ಯ: ಜವರಯ್ಯ, ಇದ್ನ ಮರೀಬ್ಯಾಡ. ಇನ್ಮೇಲೆ ಎಲ್ಲೇ ಸಿಕ್ರೂ ನಿನ್ನ ಮೊಕ ನೋಡಾಕಿಲ್ಲ ನಾನು!

ಜವರಯ್ಯ: ಅಂಗೇ ಆಗ್ಲಿ. ಸಿಕ್ಕಿದಾಗ ಒಂದ್ಸಲ ನೆಪ್ಪು ಮಾಡಿ, ಯಾರು ಅಂತ.

ಕೆಂಪಸಿದ್ದಯ್ಯ ಬಸ್ಸಿನ ದಾರಿ ಹಿಡಿದ. ಅಂಕಮ್ಮ ಹೊಸ ಬೀಗರಿಗೆ ಜಗಲಿಯ ಮೇಲೆ ಚಾಪೆ ಹಾಸಿ, ಒಂದು ಚೊಂಬು ಮಜ್ಜಿಗೆ ತಂದಿಟ್ಟಳು. ಆಮೇಲೆ ಗಂಡನ ಕಡೆಗೆ ತಿರುಗಿದಳು.

ಅಂಕಮ್ಮ: ಎಲ್ಲ ಸರಿ. ಧಾರೆ ಒತ್ನಲ್ಲಿ ಇವನ್ಗೂ ಬಾಸಿಂಗ ಕಟ್ಟಿರ್ತಾರೆ. ಚಪ್ಪರದ ತುಂಬ ಗಂಡಸ್ರು. ನೀರು ಬುಡೋನು ನೀನು. ಅಳೀಮಯ್ಯ ಯಾರು ಅಂತ ಎಂಗೆ ಕಂಡಿಡೀತೀಯ?

ಜವರಯ್ಯ: ಅದ್ಯಾವ ಮಾತು? ಬಲದೆತ್ತ ತಂದು ಚಪ್ಪರದ ಕಂಬಕ್ಕೆ ಕಟ್ಟಾನ. ಅದು ಯಾರ ಕೈ ನೆಕ್ತದೋ ಅವನ ಕೈಗೆ ಧಾರೆ ಬುಡ್ತೀನಿ.

ರಾಮಲಿಂಗಯ್ಯ ಕುಡಿಯುತ್ತಿದ್ದ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟ.

ರಾಮಲಿಂಗಯ್ಯ: ಬೀಗ್ರೇ, ದಿನಾ ಅದುಕ್ಕೆ ಉಳ್ಳಿಕಾಳು ಇಕ್ಕೋನು ನಾನು. ಅದು ನನ್ನ ಕೈನೂ ನೆಕ್ತದೆ.

ಅಂಕಮ್ಮ: ಅಂಗಾರೆ ನೀವು ಮದ್ವೆಗೆ ಬರಬ್ಯಾಡಿ.